ಗೆರೆಗಳಲ್ಲಿ ಉಳಿದ ಕಾಡಿಗೆ

ನಮ್ಮ ಮನೆಯಲ್ಲಿ ಕಾಡಿಗೆಗೆ ಎರಡು ಡಬ್ಬಿಗಳಿದ್ದವು. ಒಂದು ಕಣ್ಣಿಗೆ, ಇನ್ನೊಂದು ಬಂದೂಕಿಗೆ. ಎರಡನ್ನೂ ಮಾಡುತ್ತಿದ್ದವಳು ನಾನೇ. ಹರಳೆಣ್ಣೆ ದೀಪ ಹಚ್ಚಿ, ಸುತ್ತ ಇಟ್ಟಿಗೆ ಚೂರು ಕೊಟ್ಟು, ಮೇಲೆ ಹಿತ್ತಾಳೆ ತಟ್ಟೆ ಕವುಚಿಟ್ಟರೆ ಸಂಜೆಯ ಹೊತ್ತಿಗೆ ತಟ್ಟೆಯ ತಳದಲ್ಲಿ ಮೆತ್ತಗೆ ಮಸಿ ಕೂತಿರುತ್ತಿತ್ತು. ಅದನ್ನು ಒಣಗಿದ ಬಾಳೆಲೆಯ ಚೂರಿನಿಂದ ಕೆರೆದು, ಅತ್ತಿಗೆಯ ಡಬ್ಬಿಗಾದರೆ ಬೆಣ್ಣೆ ಸೇರಿಸಿ ಅರೆಯುತ್ತಿದ್ದೆ, ಅಣ್ಣನ ಡಬ್ಬಿಗಾದರೆ ಎಣ್ಣೆ ಸೇರಿಸಿ. ನನ್ನ ಬೆರಳ ತುದಿಗಳು ಮದುವೆಯಾಗುವ ತನಕ ಕಪ್ಪಾಗಿಯೇ ಇದ್ದವು.

ಬಂದೂಕಿಗೆ ಕಾಡಿಗೆ ಯಾಕೆ ಎಂದು ನನ್ನ ಮಕ್ಕಳು ಕೇಳಿ ನಗುತ್ತಾರೆ. ಎರಡು ಕಬ್ಬಿಣದ ತುಂಡುಗಳು ಒಂದರೊಳಗೊಂದು ಕೂತಾಗ ನೋಡುವವರಿಗೆ ಎಲ್ಲ ಕಡೆಯೂ ತಾಗಿದಂತೆ ಕಾಣುತ್ತದೆ. ತಾಗಿರುವುದಿಲ್ಲ. ಎಲ್ಲೋ ಒಂದೆರಡು ಕಡೆ ಮಾತ್ರ ತಾಗಿರುತ್ತದೆ, ಅಲ್ಲಿಯೇ ತಕರಾರು. ಒಂದು ತುಂಡಿಗೆ ತೆಳ್ಳಗೆ ಕಾಡಿಗೆ ಹಚ್ಚಿ, ಜೋಡಿಸಿ, ಒಮ್ಮೆ ಆಡಿಸಿ, ಮತ್ತೆ ಬಿಚ್ಚಿ ನೋಡಿದರೆ ತಾಗಿದ ಕಡೆ ಕಾಡಿಗೆ ಹೋಗಿ ಕಬ್ಬಿಣ ಬೆಳ್ಳಗೆ ಕಾಣುತ್ತದೆ, ತಾಗದ ಕಡೆ ಕಪ್ಪು ಹಾಗೆಯೇ ಇರುತ್ತದೆ. ಬೆಳ್ಳಗಾದ ಜಾಗವನ್ನಷ್ಟೇ ಅರದಿಂದ ಒಂದೆಳೆ ತೆಗೆಯಬೇಕು. ನಮ್ಮ ಅಪ್ಪ ಮಾಡುತ್ತಿದ್ದದ್ದು ಹಾಗೆ, ಅಣ್ಣ ಕಲಿತದ್ದೂ ಹಾಗೆ.

ಅಣ್ಣ ನನಗಿಂತ ಬಹಳ ದೊಡ್ಡವನು. ನಮ್ಮಿಬ್ಬರ ನಡುವೆ ಹುಟ್ಟಿದವು ಒಂದೂ ಉಳಿಯಲಿಲ್ಲ. ಅಪ್ಪ ಸತ್ತ ಮೇಲೆ ಕೊಳ್ಳೇಗಾಲದ ನಮ್ಮ ಬೀದಿ ಬದಿಯ ಕುಲುಮೆ ಅವನ ಕೈಗೆ ಬಂತು. ಅಜ್ಜೀಪುರ, ಹನೂರು ಕಡೆಯ ರೈತರು ಹಂದಿ ಓಡಿಸುವ ಕೋವಿಗಳನ್ನು ಗೋಣಿಯಲ್ಲಿ ಸುತ್ತಿಕೊಂಡು ತರುತ್ತಿದ್ದರು. ಮದ್ದಿಗೆ ಬಡಿಯುವ ಕುದುರೆ ಬೀಳುವುದಿಲ್ಲ, ಕಿಡಿ ಹಾರುವುದಿಲ್ಲ, ಮರದ ಹಿಡಿ ಬಿರುಕು ಬಿಟ್ಟಿದೆ, ಇಂಥವು. ಅಣ್ಣ ಕೋವಿಯನ್ನು ಎತ್ತಿ ಕಿವಿಯ ಹತ್ತಿರ ಹಿಡಿದು ಕುದುರೆ ಎಳೆದು ಬಿಟ್ಟರೆ ಸಾಕು, ಎಲ್ಲಿ ತೊಂದರೆ ಎಂದು ಹೇಳಿಬಿಡುತ್ತಿದ್ದ. ಕಿವಿಯಿಂದ ಹೇಳುತ್ತಿದ್ದ ಎಂಬುದನ್ನು ಯಾರೂ ಗಮನಿಸಲಿಲ್ಲ. ಹಾಗೆ ಹೇಳುತ್ತಿದ್ದದ್ದು ಅವನಿಗೆ ಹತ್ತಿರದ್ದು ಕಾಣುತ್ತಿರಲಿಲ್ಲ ಎಂದೇ.

ಕುಲುಮೆಯ ಬೆಂಕಿ ನೋಡಿ ನೋಡಿ ಹಾಗಾಯಿತೋ, ಬೇರೆ ಏನೋ ಗೊತ್ತಿಲ್ಲ. ದೂರದ ಗುಡ್ಡದ ಮೇಲಿನ ಮೇಕೆ ಕಾಣುತ್ತಿತ್ತು, ಅಂಗೈಯೊಳಗಿನ ಮೊಳೆ ಕಾಣುತ್ತಿರಲಿಲ್ಲ. ಬೆರಳುಗಳೂ ಬೆಂಕಿಗೆ ಬೆಂದು ತುದಿಗಳು ಕೊರಡಾಗಿದ್ದವು. ಕೂದಲೆಳೆಯಷ್ಟು ಸಣ್ಣ ಗೀರು ಆ ಬೆರಳಿಗೆ ತಿಳಿಯುತ್ತಿರಲಿಲ್ಲ. ಕನ್ನಡಕ ಹಾಕಿಕೊಂಡ ಆಚಾರಿಯ ಕೈಗೆ ಯಾರು ಬಂದೂಕು ಕೊಡುತ್ತಾರೆ? ಅದಕ್ಕೇ ಅವನು ನನ್ನನ್ನು ಕಣ್ಣು ಮಾಡಿಕೊಂಡ. ಮೂರನೇ ಕ್ಲಾಸಿಗೆ ಬಿಡಿಸಿದ್ದರಲ್ಲ, ನನಗೆ ಬೇರೆ ಕೆಲಸವೂ ಇರಲಿಲ್ಲ. ಬಿಚ್ಚಿದ ತುಂಡನ್ನು ನಾನು ಬೆಳಕಿಗೆ ಹಿಡಿದು ಎಲ್ಲಿ ಬೆಳ್ಳಗಾಗಿದೆ ಎಂದು ಹೇಳುವುದು, ಅವನು ಅಲ್ಲಿಗೆ ಅರ ಇಡುವುದು. ಇದು ಅವ್ವನಿಗೆ ಗೊತ್ತಿತ್ತು, ಅತ್ತಿಗೆಗೆ ಗೊತ್ತಿತ್ತು. ಬೀದಿಗೆ ಗೊತ್ತಿರಲಿಲ್ಲ.

ನಮ್ಮ ತಾಲ್ಲೂಕು ಕೊಯಮತ್ತೂರು ಜಿಲ್ಲೆ ಬಿಟ್ಟು ಮೈಸೂರಿಗೆ ಸೇರಿದ್ದು ಆ ಹೊತ್ತಿನಲ್ಲಿ. ಊರಿನವರಿಗೆ ಹಬ್ಬದ ಹಾಗಿತ್ತು. ಅಣ್ಣನಿಗೆ ಮಾತ್ರ ಚಿಂತೆ ಹತ್ತಿತು. ಬಂದೂಕು ರಿಪೇರಿಗೆ ಅಪ್ಪನ ಕಾಲದಿಂದ ಇದ್ದ ಲೈಸೆನ್ಸು ಕೊಯಮತ್ತೂರಿನದು. ಇನ್ನು ಹೊಸದಾಗಿ ಮಾಡಿಸಿಕೊಳ್ಳಬೇಕು, ಅದಕ್ಕೆ ವಿಚಾರಣೆಗೆ ಬರುತ್ತಾರೆ, ಊರಿನ ನಾಲ್ಕು ದೊಡ್ಡ ಮನುಷ್ಯರು ಇವನು ಒಳ್ಳೆಯವನು, ಕೆಲಸ ಬಲ್ಲವನು ಎಂದು ಹೇಳಬೇಕು ಎಂದು ತಾಲ್ಲೂಕು ಕಚೇರಿಯಲ್ಲಿ ಹೇಳಿದರು. ದೊಡ್ಡ ಮನುಷ್ಯರು ಎಂದರೆ ಬಂದೂಕು ಇಟ್ಟುಕೊಂಡವರೇ.

ಹಾಗೆ ಬಂದವರು ಬಂಡಳ್ಳಿ ಕಡೆಯ ಒಬ್ಬ ಯಜಮಾನರು. ಹೊಲ ಗದ್ದೆ ಬೇಕಾದಷ್ಟು, ಕೊಳ್ಳೇಗಾಲದಲ್ಲಿ ರೇಷ್ಮೆ ಮಂಡಿ. ಹಣೆಯ ತುಂಬ ವಿಭೂತಿ, ಬಾಯಿ ತುಂಬ ನಗೆ. ಯುದ್ಧಕ್ಕೆ ಹೋಗಿ ಬಂದ ಒಬ್ಬ ಅಧಿಕಾರಿಯಿಂದ ಒಂದು ಪಿಸ್ತೂಲು ಕೊಂಡುಕೊಂಡಿದ್ದರು. ಒಂದು ಗುಂಡು ಹಾರಿದ ಕೂಡಲೇ ಮೇಲ್ಭಾಗ ತಾನೇ ಹಿಂದಕ್ಕೆ ಸರಿದು, ಗುಂಡಿನ ಖಾಲಿ ಕವಚವನ್ನು ಉಗುಳಿ, ಮತ್ತೆ ಮುಂದಕ್ಕೆ ಬಂದು ಮುಂದಿನ ಗುಂಡಿಗೆ ಸಿದ್ಧವಾಗುವ ಜಾತಿಯದು. ಹಾಗೆ ಸರಿಯುವ ಮೇಲ್ಭಾಗವನ್ನು ಅಣ್ಣ ಮುಚ್ಚಳ ಎನ್ನುತ್ತಿದ್ದ. ಈ ಪಿಸ್ತೂಲಿನ ಮುಚ್ಚಳ ಎರಡು ಸಲಕ್ಕೊಮ್ಮೆ ಪೂರ್ತಿ ಮುಂದಕ್ಕೆ ಬಾರದೆ ಅರ್ಧಕ್ಕೆ ನಿಲ್ಲುತ್ತಿತ್ತು. ಆದರೆ ಯಜಮಾನರಿಗೆ ಅದಕ್ಕಿಂತ ದೊಡ್ಡ ದೂರು ಬೇರೆ ಇತ್ತು. ಜಗಲಿಯ ಮೇಲೆ ಕೂತು ಪಿಸ್ತೂಲನ್ನು ಕಿವಿಯ ಹತ್ತಿರ ಅಲ್ಲಾಡಿಸಿ ತೋರಿಸಿದರು.

"ಲೇ ಆಚಾರಿ, ಕೇಳ್ಲಾ ಇಲ್ಲಿ. ಇದು ಪಿಸ್ತೂಲೋ, ಕೂಸಾಡ್ಸೋ ಗಿಲಕಿಯೋ?"

"ಅದು ಅಂಗೇ ಇರ್ಬೇಕು ಬುದ್ಧಿ," ಅಣ್ಣ ಕೈಕಟ್ಟಿ ನಿಂತು ಹೇಳಿದ. "ವಸಿ ಸಡ್ಲ ಇದ್ರೇನೆ ದೂಳು ಬಿದ್ರೂ ಓಡಾಡ್ತದೆ. ಬಿಗಿ ಮಾಡುದ್ರೆ ಸಿಕ್ಕಾಕತದೆ."

"ಸಡ್ಲ ಇರ್ಬೇಕಂತೆ! ಬೀಗ ಸಡ್ಲ, ಬಾಗ್ಲು ಸಡ್ಲ ಅಂದ್ರೆ ಮನೆ ಯಾಕ್ಲಾ ಕಟ್ಟೋದು? ನಿಮ್ಮಪ್ಪ ಮಾಡ್ದ ಬಂಡಿ ಇವತ್ತಿಗೂ ನಮ್ಮಟ್ಟೀಲಿ ಕಿರ್ ಅನ್ನಾಕಿಲ್ಲ."

"ಸಡ್ಲ ಇದ್ರ ರೋಗ ಅಲ್ಲ ಬುದ್ಧಿ. ಯುದ್ದದ ಅವಸ್ರದಲ್ಲಿ ಮಾಡವ್ರೆ, ಅಷ್ಟೆ. ಒಳ್ಗಡೆ ಒಂದ್ ಕಡೆ ಹಿಡೀತಾ ಅದೆ. ಅದೊಂದ ನೋಡ್ಕೊಡ್ತೀನಿ."

"ಏನಾರ ಮಾಡು. ನೆಟ್ಗೆ ಮಾಡ್ಕೊಡು. ವಿಚಾರ್ಣೆಗೆ ಬಂದೋರು ಮೊದ್ಲು ನಮ್ಮ ಮಂಡಿಗೇ ಬರೋದು, ನೆಪ್ಪಿರ್ಲಿ," ಎಂದು ನಗುತ್ತ ಎದ್ದು ಹೋದರು. ಮೂರು ದಿನ ಬಿಟ್ಟು ಬೆಳಿಗ್ಗೆ ಬರುತ್ತೇನೆ ಎಂದರು.

ಮೊದಲ ದಿನ ನಾನು ಅದನ್ನು ತೊಳೆದೆ. ಒಳಗೆ ಹಳೆಯ ಎಣ್ಣೆ ಬೆಲ್ಲದ ಪಾಕದ ಹಾಗೆ ಗಟ್ಟಿಯಾಗಿತ್ತು. ಸೀಮೆಎಣ್ಣೆಯಲ್ಲಿ ನೆನೆಸಿ ತೆಗೆದಾಗ ಮುಚ್ಚಳದ ಒಳಮೈ ಕಂಡಿತು. ಹೊರಗೆ ಅಷ್ಟು ನುಣುಪಾಗಿದ್ದದ್ದು ಒಳಗೆ ನುಣುಪಾಗಿರಲಿಲ್ಲ. ಒದ್ದೆ ಕೂದಲಿಗೆ ಬಾಚಣಿಗೆ ಎಳೆದ ಹಾಗೆ ಸಣ್ಣ ಸಣ್ಣ ಗೆರೆಗಳು, ಒಂದರ ಪಕ್ಕ ಒಂದು, ಎಲ್ಲ ಅಡ್ಡಡ್ಡಕ್ಕೆ, ಎಲ್ಲ ಒಂದೇ ದಿಕ್ಕಿಗೆ. ಪಿಸ್ತೂಲು ಮಾಡಿದ ಕಾರ್ಖಾನೆಯ ಯಂತ್ರ ಬಿಟ್ಟ ಗುರುತು ಅದು. ತಿಕ್ಕಿ ನುಣುಪು ಮಾಡಲು ಅವರಿಗೆ ಪುರುಸೊತ್ತಿರಲಿಲ್ಲ. ಬರಿಗಬ್ಬಿಣದಲ್ಲಿ ಕಬ್ಬಿಣದ್ದೇ ಬಣ್ಣದ ಗೆರೆಗಳು, ಬೆಳಕಿಗೆ ಓರೆಯಾಗಿ ಹಿಡಿದರೆ ಮಾತ್ರ ಕಾಣುತ್ತಿದ್ದವು. ಕೆಲಸಕ್ಕೆ ಅವುಗಳಿಂದ ಏನೂ ತೊಂದರೆ ಇರಲಿಲ್ಲ. ನಾನು ನೋಡಿದೆ, ಸುಮ್ಮನಾದೆ. ಅಣ್ಣ ನನ್ನನ್ನು ಕೇಳುತ್ತಿದ್ದದ್ದು ಎಲ್ಲಿ ತಾಗುತ್ತದೆ ಎಂದು ಮಾತ್ರ. ಗೆರೆಯ ಸಂಗತಿ ಅವನಿಗೆ ಹೇಳಬೇಕು ಎನಿಸಲಿಲ್ಲ.

ಅವರು ಬರುವ ಹಿಂದಿನ ದಿನ ಬೆಳಿಗ್ಗೆ ನಾನು ಹೊರಗಾದೆ.

ಇದನ್ನು ಬರೆಯಲು ನನಗೆ ಈಗಲೂ ಕೈ ಹಿಂಜರಿಯುತ್ತದೆ, ಆದರೆ ಇದಿಲ್ಲದೆ ಮುಂದಿನದು ಯಾರಿಗೂ ತಿಳಿಯುವುದಿಲ್ಲ. ನಮ್ಮ ಕುಲುಮೆಯ ಗೋಡೆಯ ಗೂಡಿನಲ್ಲಿ ಕಾಳಮ್ಮನ ಪಟವಿತ್ತು. ಅಲ್ಲಿ ದೀಪ ಹಚ್ಚದೆ ಸುತ್ತಿಗೆ ಎತ್ತುತ್ತಿರಲಿಲ್ಲ. ಆ ಮೂರು ದಿನ ಮನೆಯ ಹೆಂಗಸರು ಕುಲುಮೆಯ ಹೊಸಿಲು ದಾಟುವಂತಿರಲಿಲ್ಲ, ಹಿತ್ತಿಲ ಚಾವಡಿಯಲ್ಲಿ ಚಾಪೆ, ತಟ್ಟೆ, ಚೊಂಬು. ಒಮ್ಮೆ ಅತ್ತಿಗೆ ಮರೆತು ಕುಲುಮೆಯ ನೀರಿನ ಬಾನಿ ಮುಟ್ಟಿದ್ದಕ್ಕೆ ಅವ್ವ ಇಡೀ ಕುಲುಮೆಯನ್ನು ಸಾರಿಸಿ ತೊಳೆಸಿ, ಇಕ್ಕಳ, ಸುತ್ತಿಗೆ, ಅರ ಎಲ್ಲವನ್ನೂ ಹುಣಸೆ ಹಚ್ಚಿ ಉಜ್ಜಿಸಿದ್ದಳು. ಆಮೇಲೆ ಆ ವರ್ಷ ಕುಲುಮೆಯಲ್ಲಿ ಏನು ಕೆಟ್ಟರೂ, ತಿದಿ ಹರಿದರೂ, ಇದ್ದಿಲು ಒದ್ದೆಯಾದರೂ, ಅದು ಅತ್ತಿಗೆಯ ತಲೆಗೇ.

ನಾನು ಹೊರಗಾದೆ ಎಂದು ಹೇಳಿದ್ದರೆ ಪಿಸ್ತೂಲಿನ ಕೆಲಸ ಅಲ್ಲಿಗೆ ನಿಲ್ಲುತ್ತಿತ್ತು. ಅತ್ತಿಗೆ ಬಾಣಂತನಕ್ಕೆ ತವರಿಗೆ ಹೋಗಿದ್ದಳು. ನೋಡಿ ಹೇಳುವವರು ಬೇರೆ ಇರಲಿಲ್ಲ. ಹಾಗಾಗಿ ಹೇಳಲಿಲ್ಲ. ಅಣ್ಣನ ಮೇಲಿನ ಪ್ರೀತಿಯಿಂದಲೇ ಹೇಳಲಿಲ್ಲ ಎಂದು ಇಲ್ಲಿಯವರೆಗೆ ಧೈರ್ಯವಾಗಿ ಬರೆಯಬಲ್ಲೆ. ಇಲ್ಲಿಂದ ಮುಂದೆ ಆ ಧೈರ್ಯವಿಲ್ಲ.

ಅವ್ವ ಬಟ್ಟೆ ತಕ್ಕೊಂಡು ಕೆರೆಗೆ ಹೋದಮೇಲೆ ಕುಲುಮೆಗೆ ಹೋದೆ. ಹೊಸಿಲು ದಾಟಿದೆ. ಪಟದ ಕಡೆ ತಿರುಗದೆ, ಗೋಡೆಗೆ ಬೆನ್ನು ಮಾಡಿ ಕೂತೆ. ಮುಚ್ಚಳ ಜಾರುವ ಎರಡು ಬದಿಯ ಕಾಲುವೆಗಳಿಗೆ ಮಾತ್ರ ಹಚ್ಚಬೇಕಾದ ಕಾಡಿಗೆಯನ್ನು, ಅವ್ವ ಬರುವಷ್ಟರಲ್ಲಿ ಮುಗಿಸುವ ಅವಸರದಲ್ಲಿ, ಮುಚ್ಚಳದ ಒಳಮೈಗೆಲ್ಲ ಬಳಿದುಬಿಟ್ಟೆ. ಅಣ್ಣ ಜೋಡಿಸಿದ, ಆಡಿಸಿದ, ಬಿಚ್ಚಿ ನನ್ನ ಕೈಗೆ ಕೊಟ್ಟ.

"ಎಲ್ಲಿ ಬೆಳ್ಳಗಾಗದೆ ಯೋಳು ಕೂಸೇ."

"ಎಡಗಡೆ ಕಾಲ್ವೇಲಿ, ಮುಂದ್ಗಡೆ. ಅಕ್ಕಿಕಾಳಷ್ಟು."

"ಬಲಗಡೆ?"

"ಏನೂ ಇಲ್ಲ. ಬರೀ ಕಪ್ಪು."

"ಅಂಗಾರೆ ಆ ಅಕ್ಕಿಕಾಳೇ ಕಳ್ಳ," ಎಂದು ಸಣ್ಣ ಅರ ತಕ್ಕೊಂಡ. ನಾನು ಅವನ ಬೆರಳು ಹಿಡಿದು ಜಾಗಕ್ಕೆ ಇಟ್ಟೆ. ಒಂದೆಳೆ ತೆಗೆದ. ಮತ್ತೆ ಕಾಡಿಗೆ, ಮತ್ತೆ ಜೋಡಿಸಿ ಬಿಚ್ಚಿದ್ದು. ಅಕ್ಕಿಕಾಳು ಹೋಗಿ ಎಳ್ಳಿನಷ್ಟಾಗಿತ್ತು. ಮುಚ್ಚಳ ಹಿಂದಕ್ಕೆಳೆದು ಬಿಟ್ಟರೆ ಟಕ್ಕೆಂದು ಪೂರ್ತಿ ಮುಂದಕ್ಕೆ ಬಂತು. ಎಷ್ಟು ಸಲ ಬಿಟ್ಟರೂ ಬಂತು.

"ಎಳ್ಳಷ್ಟು ಅದೆ ಇನ್ನೂವೆ, ಅಣ್ಣಯ್ಯ."

"ಇರ್ಲಿ ಬುಡು. ಎಳ್ಳನ್ನೂವೆ ತಗುದ್ರೆ ಅದು ನಾವ್ ಮಾಡುದ್ ಪಿಸ್ತೂಲಾಯ್ತದೆ," ಎಂದು ನಕ್ಕ. ಅವನು ಹಾಗೆ ನಕ್ಕದ್ದನ್ನು ನಾನು ಕಡೆಯದಾಗಿ ನೋಡಿದ್ದು ಅವತ್ತು. "ಸೀಮೆಎಣ್ಣೇಲಿ ತೊಳ್ದು ಒರ್ಸಿಡು. ನಾ ಮಕ ತೊಳ್ಕ ಬತ್ತೀನಿ."

ಸೀಮೆಎಣ್ಣೆ ಸೀಸೆ ಕಾಳಮ್ಮನ ಗೂಡಿನಲ್ಲಿತ್ತು, ಪಟದ ಕಾಲ ಬುಡದಲ್ಲಿ, ದೀಪದೆಣ್ಣೆಯ ಪಕ್ಕ. ಮಕ್ಕಳ ಕೈಗೆ ಸಿಗಬಾರದು ಎಂದು ಅಣ್ಣನೇ ಅಲ್ಲಿ ಇಟ್ಟಿದ್ದ. ನಾನು ಗೂಡಿನ ಹತ್ತಿರದವರೆಗೆ ಹೋದೆ. ಕೈ ಚಾಚಲು ಆಗಲಿಲ್ಲ. ಹೊಸಿಲು ದಾಟಿ ಬಂದಿದ್ದೆ, ಅರ ಮುಟ್ಟಿದ್ದೆ, ಪಿಸ್ತೂಲು ಮುಟ್ಟಿದ್ದೆ, ಆದರೆ ಆ ಗೂಡಿಗೆ ಕೈ ಹಾಕುವುದು ನನ್ನಿಂದ ಆಗಲಿಲ್ಲ. ಹಿಂದಕ್ಕೆ ಬಂದು ಹಳೆ ಪಂಚೆಯ ಒಣಬಟ್ಟೆಯಲ್ಲಿ ಗಸಗಸ ಒರೆಸಿದೆ. ಮೇಲಿನ ಕಪ್ಪೆಲ್ಲ ಹೋಯಿತು. ಗೆರೆಗಳೊಳಗಿನದು ಹೋಗಲಿಲ್ಲ. ಅದು ನನಗೆ ಕಂಡಿತು. ಅಣ್ಣನಿಗೆ ಕಾಣುವುದಿಲ್ಲ ಎಂಬುದೂ ಗೊತ್ತಿತ್ತು.

ಅವನು ಬಂದು ಕೇಳಿದ, "ಸೀಮೆಎಣ್ಣೇಲಿ ತೊಳುದ್ಯಾ?"

"ಊಂ," ಎಂದೆ.

ಮಾರನೇ ದಿನ ಬೆಳಿಗ್ಗೆ ಯಜಮಾನರು ಬಂದರು. ಮುಚ್ಚಳ ಎಳೆದು ಬಿಟ್ಟು ನೋಡಿದರು, ಟಕ್ಕೆಂದಿತು. ಅವರ ಮುಖ ಅರಳಿತು. ಅಷ್ಟಕ್ಕೇ ಮುಗಿದಿದ್ದರೆ ಚೆನ್ನಾಗಿತ್ತು. ಆದರೆ ಪಿಸ್ತೂಲು ಬಿಚ್ಚುವುದನ್ನು ಆ ಅಧಿಕಾರಿಯಿಂದ ಅವರು ಕಲಿತಿದ್ದರು, ಬೀದಿಯವರೆದುರು ಅದನ್ನು ತೋರಿಸುವ ಆಸೆ. ಬೀದಿಯಲ್ಲಿ ನಾಲ್ಕು ಜನ ನಿಂತೂ ಇದ್ದರು. ಒಂದು ತಿರುವು ತಿರುಗಿಸಿ ಮುಚ್ಚಳ ಬಿಚ್ಚಿ, ಅಂಗಾತ ಮಾಡಿ ಅಂಗೈಯಲ್ಲಿಟ್ಟುಕೊಂಡರು. ಎಳೆಬಿಸಿಲು ನೇರವಾಗಿ ಅದರೊಳಕ್ಕೆ ಬಿತ್ತು.

"ಏನ್ಲಾ ಇದು?"

ಅಣ್ಣ ಬಗ್ಗಿದ. "ಏನ್ ಬುದ್ಧಿ?"

"ಏನ್ ಅಂತೀಯಾ? ಒಳ್ಗೆಲ್ಲ ಅರ ಆಡ್ಸಿದ್ದೀಯಲ್ಲಾ! ಪಿಸ್ತೂಲ್ಗೆ ಈಬೂತಿ ಪಟ್ಟೆ ಬಳ್ದಿದ್ದೀಯಾ, ಅದೂ ಕರೀ ಈಬೂತಿ!"

ನಿಂತವರು ನಕ್ಕರು. ಅಣ್ಣ ಇನ್ನೂ ಬಗ್ಗಿದ, ಆಮೇಲೆ ಹಿಂದಕ್ಕೆ ಸರಿದು ಕಣ್ಣು ಕಿರಿದು ಮಾಡಿದ. ಅವನು ಏನನ್ನೂ ನೋಡುತ್ತಿಲ್ಲ ಎಂದು ನನಗೆ ಬಾಗಿಲ ಸಂದಿಯಿಂದಲೇ ತಿಳಿಯುತ್ತಿತ್ತು.

"ಎಲ್ಲಿ ಬುದ್ಧಿ?"

"ಎಲ್ಲಿ! ಕಣ್ ಕಾಣಾಕಿಲ್ವೇನ್ಲಾ ನಿಂಗೆ? ಯೋಳು, ಅರ ಹಾಕ್ದೋ ಇಲ್ವೋ?"

"ಒಂದೇ ಒಂದ್ ಎಳೆ ಹಾಕ್ದೆ ಬುದ್ಧಿ, ಹಿಡಿಯೋ ಕಡೆ. ಬೇರೆಲ್ಲೂ ಮುಟ್ನಿಲ್ಲ."

"ಒಂದೆಳೆ! ಇವು ಒಂದೆಳೆಯಾ? ನೋಡ್ರಪ್ಪ ನೀವೇ, ಇವು ಒಂದಾ?" ಎಂದು ಸುತ್ತ ತೋರಿಸಿದರು. ವೀಳ್ಯದೆಲೆ ಮಾರುವವನು ಇಣುಕಿ, "ಆಚಾರ್ರು ಉಳ್ಮೆ ಮಾಡವ್ರೆ ಕಣ್ರಿ, ರಾಗಿ ಚೆಲ್ಲದೊಂದು ಬಾಕಿ," ಎಂದ. ಮತ್ತೆ ನಗು. ಅಣ್ಣ ಮುಟ್ಟಿ ನೋಡಲು ಕೈ ಚಾಚಿದ. ಯಜಮಾನರು ಪಟ್ಟನೆ ಹಿಂದಕ್ಕೆಳೆದುಕೊಂಡರು. "ಸಾಕು, ಇನ್ ಮುಟ್ಬೇಡ."

ಆಗ ಅಣ್ಣ ತಿರುಗಿ ಬಾಗಿಲ ಕಡೆ ನೋಡಿದ. ನನ್ನನ್ನು ನೋಡಿದ. ಬಾಯಿ ತೆರೆದು ಕೇಳುವಂತಿರಲಿಲ್ಲ, ಕೇಳಿದರೆ ಅವನ ಕಣ್ಣಿನ ಗುಟ್ಟು ಬೀದಿಗೆ ಬೀಳುತ್ತಿತ್ತು. ಆದರೆ ಕೇಳಿದ ಹಾಗೆಯೇ ಇತ್ತು ಆ ನೋಟ. ಏನದೆ ಅಲ್ಲಿ, ಯೋಳು ಕೂಸೇ.

ನಾನು ಹೊರಗೆ ಬಂದು, "ಅದು ಮಸಿ. ಸೀಮೆಎಣ್ಣೆ ಬಟ್ಟೇಲಿ ಒರ್ಸುದ್ರೆ ಓಯ್ತದೆ. ಗೆರೆ ಮೊದ್ಲೇ ಇದ್ದವು," ಎಂದಿದ್ದರೆ ಸಾಕಿತ್ತು. ಅಷ್ಟೇ ಮಾತು. ಆದರೆ ಅವ್ವ ನನ್ನ ಹಿಂದೆಯೇ ನಿಂತಿದ್ದಳು. ಯಾಕೆ ತೊಳೆಯಲಿಲ್ಲ ಎಂಬ ಮಾತು ಬಂದೇ ಬರುತ್ತಿತ್ತು, ಅಲ್ಲಿಂದ ನಾನು ಹೊರಗಾಗಿ ಕುಲುಮೆಗೆ ಹೋದದ್ದು ಬರುತ್ತಿತ್ತು. ಅತ್ತಿಗೆಗೆ ಆದದ್ದು ನೆನಪಾಯಿತು. ಯಳಂದೂರಿನಿಂದ ನನ್ನನ್ನು ನೋಡಲು ಬರುವವರಿದ್ದರು, ಅದೂ ನೆನಪಾಯಿತು.

"ಬುದ್ಧಿಯೋರ್ಗೆ ನೀರು ತತ್ತೀನಿ," ಎಂದು ಒಳಕ್ಕೆ ಹೋದೆ.

ನೀರು ತರುವ ಹೊತ್ತಿಗೆ ಯಜಮಾನರು ಹೋಗಿದ್ದರು. ಚೊಂಬು ಹಿಡಿದುಕೊಂಡು ನಾನು ಅಲ್ಲೇ ನಿಂತೆ. ಅಣ್ಣ ಅದನ್ನು ತಕ್ಕೊಂಡು ತಾನೇ ಕುಡಿದ.

ವಿಚಾರಣೆಗೆ ಬಂದವರಿಗೆ ಯಜಮಾನರು ಏನು ಹೇಳಿದರೋ ನಾವು ಕೇಳಿಲ್ಲ. "ಅವುನ್ ಕೈ ಕೆಟ್ಟೋಗದೆ" ಎಂದರು ಎಂದು ಮಂಡಿಯಲ್ಲಿ ಕೆಲಸ ಮಾಡುವವರು ಹೇಳಿದರು. ಹೊಸ ಲೈಸೆನ್ಸು ಬರಲಿಲ್ಲ. ಅಜ್ಜೀಪುರದವರು ಮೊದಮೊದಲು ಬಂದು, ಆಗುವುದಿಲ್ಲ ಎಂದಾಗ ಹಿಂದಿರುಗಿ, ಆಮೇಲೆ ಬರುವುದನ್ನೇ ಬಿಟ್ಟರು. ಬೀದಿಯ ಹುಡುಗರು ಅಣ್ಣನಿಗೆ ಕರಿಪಟ್ಟೆ ಆಚಾರಿ ಎಂದು ಹೆಸರಿಟ್ಟರು. ಅವನು ರೇಷ್ಮೆ ರಾಟೆಗಳ ಕೀಲು ಸರಿಮಾಡುವುದು, ಕುಡುಗೋಲು ತಟ್ಟುವುದು ಮಾಡಿಕೊಂಡು ಮನೆ ನಡೆಸಿದ. ಅದಕ್ಕೆ ಕಾಡಿಗೆ ಬೇಡ, ಕಣ್ಣೂ ಬೇಡ. ಸಣ್ಣ ಅರಗಳನ್ನು ಗೋಣಿಯಲ್ಲಿ ಕಟ್ಟಿ ಅಟ್ಟಕ್ಕೆ ಹಾಕಿದ.

ಲೈಸೆನ್ಸು ಹೋದದ್ದನ್ನು ಅವನು ತಡೆದುಕೊಳ್ಳುತ್ತಿದ್ದನೇನೋ. ತಡೆಯಲಾಗದ್ದು ಬೇರೆ ಇತ್ತು, ಅದು ನನಗೆ ಸ್ವಲ್ಪ ದಿನದ ಮೇಲೆ ತಿಳಿಯಿತು. ಒಂದು ಮಧ್ಯಾಹ್ನ ಕುಲುಮೆಯಲ್ಲಿ ಒಬ್ಬನೇ ಕೂತು, ಹಳೆಯ ಕಬ್ಬಿಣದ ಪಟ್ಟಿಯ ಮೇಲೆ ಅರ ಇಟ್ಟು ಒಂದೆಳೆ ಎಳೆದು ನಿಲ್ಲಿಸುತ್ತಿದ್ದ. ಮತ್ತೆ ಒಂದೆಳೆ ಎಳೆದು ನಿಲ್ಲಿಸುತ್ತಿದ್ದ. ನನ್ನನ್ನು ಕಂಡು ಕೇಳಿದ, "ಕೂಸೇ, ಜಾರ್ತಾ ಅದಾ ನೋಡು. ನಂಗೆ ಗೊತ್ತಾಗ್ದಂಗೆ ಜಾರ್ತಾ ಅದಾ?"

"ಇಲ್ಲ ಅಣ್ಣಯ್ಯ."

"ಮತ್ತೆ ಅವತ್ತು ಎಂಗ್ ಜಾರ್ತು?"

ನಾನು ಅವನ ಬೆರಳು ಹಿಡಿದು ಅರವನ್ನು ಜಾಗಕ್ಕೆ ಇಟ್ಟವಳು. ಅವನು ಎಷ್ಟು ಎಳೆದ ಎಂದು ನೋಡಿದ ಕಣ್ಣು ಲೋಕದಲ್ಲಿ ನನ್ನದೊಂದೇ. ನಾನು ಒಲೆಯ ಮೇಲೆ ಸಾರು ಇದೆ ಎಂದು ಎದ್ದು ಹೋದೆ. ಪ್ರತಿ ಸಲವೂ ನನಗೆ ಹೋಗಲು ಒಂದು ಕೆಲಸ ಇರುತ್ತಿತ್ತು.

ಅವನ ಕಣ್ಣಿನ ಗುಟ್ಟು ಕಾಯಲು ಸುಮ್ಮನಿದ್ದೇನೆ ಎಂದು ನನಗೆ ನಾನೇ ಹೇಳಿಕೊಂಡೆ. ಬಹಳ ವರ್ಷ ಹಾಗೆ ಹೇಳಿಕೊಂಡೆ. ಅದು ಸುಳ್ಳು. ಬೀದಿಯಲ್ಲಿ ಹೇಳದಿದ್ದರೂ ಅವನೊಬ್ಬನಿಗೆ ಹೇಳಬಹುದಿತ್ತು. ನನ್ನ ಮದುವೆಯಾಗಿ ಯಳಂದೂರಿಗೆ ಬಂದ ಮೇಲೆ ಹೇಳಬಹುದಿತ್ತು. ಅವ್ವ ಸತ್ತು, ಹೆದರುವುದಕ್ಕೆ ಯಾರೂ ಉಳಿಯದ ಮೇಲೆ ಹೇಳಬಹುದಿತ್ತು. ಅವ್ವನ ತಿಥಿಗೆ ಹೋದಾಗ ಅವನೂ ನಾನೂ ಹಿತ್ತಿಲಲ್ಲಿ ಒಂದು ಮಧ್ಯಾಹ್ನ ಪೂರ್ತಿ ಅವರೆಕಾಯಿ ಸುಲಿಯುತ್ತ ಕೂತಿದ್ದೆವು, ಆಗಲೂ ಹೇಳಲಿಲ್ಲ. ಅವನಿಗೆ ನನ್ನ ಮೇಲೆ ಇದ್ದ ಅಕ್ಕರೆ ನನಗೆ ಬೇಕಾಗಿತ್ತು. ಅವನ ಹೆಸರಿಗಿಂತ ಅದು ನನಗೆ ಹೆಚ್ಚು ಬೇಕಾಗಿತ್ತು. ಗೌರಿಹಬ್ಬಕ್ಕೆ ತಪ್ಪದೆ ಬಾಗಿನ ಹಿಡಿದು ಬರುತ್ತಿದ್ದ, ನಾನು ತಪ್ಪದೆ ತಕ್ಕೊಳ್ಳುತ್ತಿದ್ದೆ.

ಎಪ್ಪತ್ತು ದಾಟಿದ ಮೇಲೆ ಒಂದು ವರ್ಷ ಅವನು ಹಬ್ಬವಲ್ಲದ ದಿನ ಯಳಂದೂರಿಗೆ ಬಂದ. ಮೂಗಿನ ಮೇಲೆ ಕನ್ನಡಕ. ಅವನ ಮಗ ಮೈಸೂರಿಗೆ ಕರೆದುಕೊಂಡು ಹೋಗಿ ಕೊಡಿಸಿದ್ದನಂತೆ. ನನ್ನ ಮುಖವನ್ನೇ ಹತ್ತಿರದಿಂದ ನೋಡಿ, "ನಿಂಗೂ ವಯ್ಸಾಯ್ತಲ್ಲ ಕೂಸೇ," ಎಂದ. ಜಗಲಿಯ ಮೇಲೆ ಕೂತು ಕೈಚೀಲದಿಂದ ಒಂದು ಗಂಟು ತೆಗೆದ. ಅದರಲ್ಲಿ ಹಳೆಯ ಕೋವಿಗಳ ಬಿಡಿ ಭಾಗಗಳು, ಅಪ್ಪನ ಕಾಲದವು, ಇವನು ಅರ ಹಾಕಿ ಬೇಡವೆಂದು ಬಿಟ್ಟವು, ಅಟ್ಟದಲ್ಲಿ ಉಳಿದವು.

"ಕನ್ನಡ್ಕ ಬಂದ ಮ್ಯಾಕೆ ಎಲ್ಲಾನೂ ಇಳ್ಸಿ ನೋಡ್ದೆ. ಒಂದ್ ವಾರ ನೋಡ್ದೆ. ನೋಡು ನೀನೂವೆ. ಎಲ್ಲಾರ ಒಂದ್ ಕಡೆ ಜಾರದಾ?"

ನಾನು ನೋಡಿದೆ. ಎಲ್ಲಿಯೂ ಜಾರಿರಲಿಲ್ಲ.

"ಜಾರಿಲ್ಲ ಅಲ್ವಾ? ಅದ್ಕೇ ಬಂದೆ ಕಣವ್ವ. ಇಷ್ಟ್ರಲ್ಲೂ ಜಾರ್ದಿದ್ ಕೈ ಅದೊಂದ್ರಲ್ಲಿ ಯಾಕ್ ಜಾರ್ತು? ನೀನು ಇದ್ದೆ. ನಿಂಗೇನಾರ ನೆಪ್ಪದಾ?"

ಕಾಫಿಗೆ ನೀರಿಟ್ಟಿದ್ದೆ. ಒಳಗೆ ಅದು ಕುದಿಯುವುದು ಕೇಳುತ್ತಿತ್ತು. ಎದ್ದು ಹೋಗಬಹುದಿತ್ತು. ಹೋಗಲಿಲ್ಲ. ಇದರಲ್ಲಿ ನನ್ನ ಹೆಚ್ಚುಗಾರಿಕೆ ಏನೂ ಇಲ್ಲ, ಆ ಕಬ್ಬಿಣದ ಚೂರುಗಳನ್ನು ಅವನು ಮಗುವಿನ ಬಟ್ಟೆಯ ಹಾಗೆ ಮಡಿಲಲ್ಲಿ ಇಟ್ಟುಕೊಂಡು ಕೂತಿದ್ದ. ಹೇಳಿದೆ. ಹೊರಗಾದದ್ದು, ಕಾಡಿಗೆ ಬಳಿದದ್ದು, ಸೀಸೆ ಇದ್ದ ಗೂಡು, ಒಣಬಟ್ಟೆ, ಊಂ ಎಂದದ್ದು, ನೀರು ತರಲು ಹೋದದ್ದು, ಎಲ್ಲ.

ಅವನು ಕೋಪ ಮಾಡಿಕೊಳ್ಳಲಿಲ್ಲ. ಕೆಲಸಗಾರನ ಹಾಗೆ ಕೇಳಿದ.

"ಗೆರೆ ಮೊದ್ಲೇ ಇದ್ವಾ?"

"ಇದ್ದೊ. ಮೊದ್ಲುನೆ ದಿನ ತೊಳ್ದಾಗ್ಲೇ ನೋಡುದ್ದೆ."

"ಯಾವ್ ಕಡಿಕೆ ಇದ್ದೊ?"

"ಅಡ್ಡಕ್ಕೆ. ಎಲ್ಲಾ ಒಂದೇ ಕಡಿಕೆ, ಬಾಚಣಿಗೆ ಎಳ್ದಂಗೆ."

ಅವನ ಮುಖದಲ್ಲಿ ಏನೋ ಬಂತು. ಅರ ಆ ಇಕ್ಕಟ್ಟಿನಲ್ಲಿ ಅಡ್ಡಕ್ಕೆ ಆಡುವುದೇ ಇಲ್ಲ, ಅದು ಉದ್ದಕ್ಕೆ ಹೋಗಬೇಕು, ಅದೂ ಓರೆ ಬೀಳುತ್ತದೆ. ಗೆರೆ ಅಡ್ಡಕ್ಕೆ ಇದ್ದದ್ದು ದಿಟವಾದರೆ ಅದು ಅವನ ಅರದ್ದಲ್ಲ. ನಾನು ಕಾಯುತ್ತಿದ್ದೆ. ಬೈಯಲಿ ಎಂದು ಕಾಯುತ್ತಿದ್ದೆ. ಅವನು ಚೂರುಗಳನ್ನು ಗಂಟು ಕಟ್ಟಿಕೊಂಡು ಕಾಫಿ ಕುಡಿಯದೆ ಎದ್ದ. ಬಂಡಳ್ಳಿಯ ಬಸ್ಸು ಸಿಕ್ಕುವುದೇ ಎಂದು ನನ್ನ ಗಂಡನನ್ನು ಕೇಳಿದ.

ಹೋಗಿ ಬಂದದ್ದನ್ನು ಆಮೇಲೆ ಅತ್ತಿಗೆ ಹೇಳಿದಳು. ಯಜಮಾನರು ತೀರಿಕೊಂಡು ವರ್ಷಗಳಾಗಿದ್ದವು. ಅವರ ಮಗ ಮಾತಾಡಿಸಿದನಂತೆ. ಅಪ್ಪ ಇದ್ದಾಗಲೇ ಪಿಸ್ತೂಲನ್ನು ಮಾರಿಬಿಟ್ಟರು, ಕೊಂಡವರು ತಮಿಳುನಾಡಿನ ಕಡೆಯವರು, ಯಾರೋ ಗೊತ್ತಿಲ್ಲ ಎಂದನಂತೆ. "ಒಂದ್ ಸಲ ಒಳ್ಗಡೆ ನೋಡ್ಬೇಕಾಗಿತ್ತು ಸಾ," ಎಂದಷ್ಟೇ ಹೇಳಿ ಅಣ್ಣ ಹಿಂದಿರುಗಿದನಂತೆ. ಮಗನಿಗೆ ಅದು ಯಾಕೆಂದು ಅರ್ಥವಾಗಿರಲಿಕ್ಕಿಲ್ಲ.

ಆ ವರ್ಷ ಗೌರಿಹಬ್ಬಕ್ಕೆ ಅಣ್ಣ ಬರಲಿಲ್ಲ. ಬಾಗಿನವನ್ನು ತನ್ನ ಮಗನ ಕೈಯಲ್ಲಿ ಕಳಿಸಿದ್ದ. ನಾನು ಕೊಳ್ಳೇಗಾಲಕ್ಕೆ ಹೋದೆ. ಕುಲುಮೆಯಲ್ಲಿ ಕನ್ನಡಕ ಹಾಕಿಕೊಂಡು ಕುಡುಗೋಲಿಗೆ ಹಲ್ಲು ಕೊರೆಯುತ್ತಿದ್ದ, ನನ್ನನ್ನು ನೋಡಿ ನಿಲ್ಲಿಸಲಿಲ್ಲ. ಹೊಸಿಲ ಈಚೆ ನಿಂತು ಕೇಳಿದೆ.

"ಬರ್ನಿಲ್ಲ ಯಾಕಣ್ಣಯ್ಯ? ಇನ್ನೂ ಸಿಟ್ಟಾ?"

"ಸಿಟ್ಟೇನಿಲ್ಲ."

"ಮತ್ತೆ? ಗೆರೆ ನಿಂದಲ್ಲ ಅಂತ ಗೊತ್ತಾಯ್ತಲ್ಲ."

ಅವನು ಹಲ್ಲುಗಳನ್ನು ಬೆರಳಲ್ಲಿ ಸವರಿ, ಊದಿ, ಕುಡುಗೋಲನ್ನು ಪಕ್ಕಕ್ಕಿಟ್ಟ.

"ಎಲ್ ಗೊತ್ತಾಯ್ತು? ಪಿಸ್ತೂಲು ಇಲ್ಲ. ಇರೋದು ನಿನ್ ಮಾತೊಂದೇ. ನನ್ ಸಮಾಧಾನುಕ್ ಯೋಳುದ್ಯೋ, ದಿಟ ಯೋಳುದ್ಯೋ ನಂಗೆಂಗ್ ತಿಳೀಬೇಕು ಕೂಸೇ? ಅವತ್ತೂವೆ ಊಂ ಅಂದಿದ್ದೆ."

ಅಡ್ಡಕ್ಕೇ ಇದ್ದೊ ಅಣ್ಣಯ್ಯ, ಕಾಳಮ್ಮನಾಣೆಗೂ ಅಡ್ಡಕ್ಕೇ ಇದ್ದೊ ಎಂದು ಕೂಗಬೇಕೆನಿಸಿತು. ಕೂಗಿದ್ದರೆ ಇನ್ನಷ್ಟು ಸುಳ್ಳಿನ ಹಾಗೆ ಕೇಳುತ್ತಿತ್ತು. ಗೂಡಿನಲ್ಲಿ ಪಟದ ಕೆಳಗೆ ಸೀಮೆಎಣ್ಣೆ ಸೀಸೆ ಇರಲಿಲ್ಲ. ಅದನ್ನು ಅವನು ತೆಗೆದು, ಬಾಗಿಲ ಪಕ್ಕ, ಯಾರ ಕೈಗಾದರೂ ಸಿಕ್ಕುವ ಹಾಗೆ, ನೆಲದ ಮೇಲೆ ಇಟ್ಟಿದ್ದ.